ಐಸ್ ಫ್ಯಾಕ್ಟರಿ ತಿರುವಿನ ಸದ್ದು

ಆ ಸದ್ದು ಇನ್ನೊಂದು ಸಲ ಕಿವಿಗೆ ಬಿದ್ದರೆ ಗುರುತು ಹಿಡಿಯಬಲ್ಲೆನೇ?

ಮೊನ್ನೆಯಿಂದ ಅವಳು ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದುದು ಇದೊಂದೇ. ಬಸ್ಸಿನಲ್ಲಿ ಕಾಲು ತುಳಿದವರಿಂದ ಹಿಡಿದು ಕನಸಿನಲ್ಲಿ ಬಂದವರವರೆಗೆ ಎಲ್ಲವನ್ನೂ ಡೈರಿಗೆ ಒಪ್ಪಿಸುವ ಹುಡುಗಿ, ಇದನ್ನು ಮಾತ್ರ ಅದಕ್ಕೂ ಹೇಳಿರಲಿಲ್ಲ. ಬರೆದಮೇಲೆ ಅದು ನಿಜವಾಗಿಬಿಟ್ಟರೆ?

ಚಿಕ್ಕಪ್ಪನ ಸರ್ವಿಸ್ ಸೆಂಟರಿನ ಗಾಜಿನ ಬಾಗಿಲ ಮುಂದೆ, ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ನಿಂತಾಗಲೂ ತಲೆಯೊಳಗೆ ಅದೇ ಕೊರೆಯುತ್ತಿತ್ತು. ಒಳಗೆ ಮೂಲೆಯಲ್ಲಿ ಸೋದರಮಾವನ ಹಳೆಯ ಟೂ-ಸ್ಟ್ರೋಕ್ ಗಾಡಿ ಒಂದು ಕಡೆಗೆ ವಾಲಿ ನಿಂತಿತ್ತು. ಫಳಫಳ ಹೊಳೆಯುವ ಹೊಸ ಗಾಡಿಗಳ ಸಾಲಿನಲ್ಲಿ ಅದು ಕರೆಯದೆ ಬಂದ ಬಡ ನೆಂಟನಂತೆ ಕಾಣುತ್ತಿತ್ತು.

ಐಸ್ ಫ್ಯಾಕ್ಟರಿ ತಿರುವಿನಲ್ಲಿ ಆ ಗಾಡಿಯ ಪಕ್ಕದಲ್ಲೇ ತಲೆಯೊಡೆದು ಬಿದ್ದಿದ್ದ ಮಾವ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಅಣ್ಣ ಪೊಲೀಸ್ ಠಾಣೆಯಲ್ಲಿದ್ದಾನೆ. ಪೊಲೀಸರು ತಪಾಸಣೆಗೆಂದು ಗಾಡಿಯನ್ನು ಇಲ್ಲಿಗೇ ತಂದಿಟ್ಟಿದ್ದಾರೆ; ಅದರ ವರದಿಗೆ ಚಿಕ್ಕಪ್ಪ ಸಹಿ ಹಾಕಿದರೆ ಸಾಕು, ಇವತ್ತೇ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಕೊಲೆಯತ್ನದ ಕೇಸು.

"ಏನೇ ಸೈಲೆನ್ಸರ್, ಬಾಗಿಲಲ್ಲೇ ಪಾರ್ಕಿಂಗಾ?"

ಚಿಕ್ಕಪ್ಪ. ಅವಳಿಗೆ ಆ ಹೆಸರಿಟ್ಟವನು ಮಾವ. ಬಾಯಿಗೆ ಬಂದದ್ದನ್ನೆಲ್ಲ ಒಳಗೇ ತಿರುಗಿಸಿ ಸದ್ದಡಗಿಸಿ ಬಿಡುತ್ತಾಳೆ ಎಂದು. ಆ ಹೆಸರು ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ, ಡಿಗ್ರಿ ಬಂದ ದಿನ ಅಮ್ಮನೂ "ನಮ್ಮ ಸೈಲೆನ್ಸರ್ ಪಾಸಾದ್ಲು" ಎಂದೇ ಅಕ್ಕಪಕ್ಕದವರಿಗೆ ಹೇಳಿದ್ದಳು.

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅಲ್ಲೇ ವರದಿಯ ಹಾಳೆ ಇತ್ತು. ಟೈಪಾಗಿದೆ, ಸಹಿ ಆಗಿಲ್ಲ. ಪೆನ್ನಿನ ಮುಚ್ಚಳ ಮಾತ್ರ ತೆಗೆದಿಟ್ಟಿದೆ.

"ಅತ್ತಿಗೆ ಏನಾದ್ರೂ ತಿಂದ್ರಾ?"

ಇಲ್ಲವೆಂದು ತಲೆಯಾಡಿಸಿದಳು.

"ನಂಗೂ ಗಂಟಲಲ್ಲಿ ಇಳಿಯಲ್ಲ. ಆದ್ರೂ ಕಳಿಸ್ತಾರೆ ನೋಡು." ಡಬ್ಬಿಯನ್ನು ಬಿಚ್ಚದೆ ಅದರ ಮೇಲೆ ಕೈಯಿಟ್ಟು ಕೂತರು. ಅವರ ಕಣ್ಣುಗಳು ಕೆಂಪಗಿದ್ದವು. ಇಸ್ತ್ರಿ ಮಾಡದ ಅಂಗಿ ಹಾಕಿದ ಚಿಕ್ಕಪ್ಪನನ್ನು ಅವಳು ನೋಡಿದ್ದು ಇದೇ ಮೊದಲು.

ಒಂದು ಕಾಲದಲ್ಲಿ ಮಾವ, ಚಿಕ್ಕಪ್ಪ ಇಬ್ಬರದ್ದೂ ಒಂದೇ ಶೆಡ್ಡು. ಅಪ್ಪ ತೀರಿಕೊಂಡ ಮೇಲೆ ಮನೆಯ ನೊಗಕ್ಕೆ ಇಬ್ಬರೂ ಹೆಗಲು ಕೊಟ್ಟಿದ್ದರು. ಆದರೆ ಗಾಡಿಯ ವಿಷಯ ಬಂದರೆ ಎತ್ತು ಏರಿಗೆ, ಕೋಣ ನೀರಿಗೆ.

"ನಿನ್ನ ಫೋರ್-ಸ್ಟ್ರೋಕ್‌ಗೆ ನೆಗಡಿ ಬಂದ್ರೂ ಆಪರೇಷನ್ ಥಿಯೇಟರ್ ಬೇಕು. ನನ್ನದಕ್ಕೆ ಒಂದು ಪ್ಲಗ್ ಸ್ಪ್ಯಾನರ್ ಸಾಕು," ಎನ್ನುತ್ತಿದ್ದ ಮಾವ.

"ನಿನ್ನ ಗಾಡಿ ಹೋದ ದಾರಿ ಹೊಗೇಲೇ ಗೊತ್ತಾಗುತ್ತೆ. ಅದ್ರಲ್ಲಿ ಕಳ್ಳತನಕ್ಕೂ ಹೋಗೋಕಾಗಲ್ಲ," ಎನ್ನುತ್ತಿದ್ದರು ಚಿಕ್ಕಪ್ಪ.

ಕೊನೆಗೆ ಚಿಕ್ಕಪ್ಪ ಬೀದಿಯ ಆ ಬದಿಗೆ ಗಾಜಿನ ಬಾಗಿಲು ಹಾಕಿಸಿಕೊಂಡರು. ಮಾವ ಈ ಬದಿಯ ಶೆಡ್ಡಿನಲ್ಲೇ ಉಳಿದ. ಅಲ್ಲಿಂದಾಚೆ ಅವರಿಬ್ಬರ ಜಗಳ ರಸ್ತೆ ದಾಟಿ ಹೋಗಿಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಈಗ ಮಾವನ ಶೆಡ್ಡಿಗೆ ಬೀಗ.

ಅವಳು ಹಾಳೆಯ ಮೇಲೆ ಕಣ್ಣಾಡಿಸಿದಳು. ಟ್ಯಾಂಕಿನ ಪೆಟ್ರೋಲಿನಲ್ಲಿ ಎಣ್ಣೆಯ ಅಂಶ ಇಲ್ಲ, ಕಿಕ್ಕರ್ ಕೆಳಗಿಳಿಯುತ್ತಿಲ್ಲ, ಎಂಜಿನ್ ಜಾಮ್.

ಅದರ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಫೋರ್-ಸ್ಟ್ರೋಕ್ ಗಾಡಿಗೆ ಎಂಜಿನ್ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಹಳೆಯ ಟೂ-ಸ್ಟ್ರೋಕಿಗೆ ಹಾಗಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಬೆರೆಸದೆ ಓಡಿಸಿದರೆ ಪಿಸ್ಟನ್ ಒಣಗಿ, ಕಾದು, ಹಿಡಿದುಕೊಂಡುಬಿಡುತ್ತದೆ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಇಳಿಜಾರಿನಲ್ಲಾದರೆ ಮುಗಿಯಿತು.

ಮಾವ ಬೀಳುವ ಹಿಂದಿನ ಸಂಜೆ ಆ ಗಾಡಿಗೆ ಪೆಟ್ರೋಲ್ ಹಾಕಿದ್ದವನು, ಅವನ ಶೆಡ್ಡಿನಲ್ಲೇ ಕೆಲಸ ಮಾಡುವ ಅಣ್ಣ. ಅದೇ ಸಂಜೆ ಶೆಡ್ಡನ್ನು ಫೋರ್-ಸ್ಟ್ರೋಕಿಗೆ ಬದಲಾಯಿಸುವ ವಿಷಯಕ್ಕೆ ಮಾವನ ಜತೆ ಬೀದಿಗೆ ಕೇಳುವಂತೆ ಕಿತ್ತಾಡಿದ್ದವನೂ ಅವನೇ. ಇನ್‌ಸ್ಪೆಕ್ಟರ್ ಸಾಹೇಬರು ಎರಡಕ್ಕೂ ಗಂಟು ಹಾಕಿದ್ದರು. ಬೇಕೆಂದೇ ಎಣ್ಣೆ ಹಾಕಲಿಲ್ಲ, ಬೇಕೆಂದೇ ಇಳಿಜಾರಿಗೆ ಕಳಿಸಿದ.

ಆದರೆ ಅವಳ ಎದೆಯಲ್ಲಿದ್ದ ಮುಳ್ಳು ಬೇರೆಯದು.

ಮೊನ್ನೆ ಬೆಳಿಗ್ಗೆ ಅವಳು ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತಿದ್ದಾಗ ಮಾವನ ಗಾಡಿ ಇಳಿಜಾರಿನಲ್ಲಿ ಹೋದದ್ದು ಕೇಳಿಸಿತ್ತು. ತಿರುವಿನ ಹತ್ತಿರ ಅದು ನಿಂತಿತು. ಬಿದ್ದ ಸದ್ದಲ್ಲ, ನಿಂತ ಮೌನ. ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಇನ್ನೊಂದು ಗಾಡಿ ಹೊರಟಿತ್ತು. ಫೋರ್-ಸ್ಟ್ರೋಕ್. ಎಂಜಿನ್ನಿನ ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲವಾಗಿ ಟಿಕ್ ಟಿಕ್ ಎನ್ನುವ ಗಾಡಿ. ಆಮೇಲೆ ಅವಳು ಸ್ನಾನಕ್ಕೆ ಹೋದಳು; ಮತ್ತೇನು ಬಂತೋ ಹೋಯಿತೋ ತಿಳಿಯದು.

ಅಣ್ಣನ ಗಾಡಿಯದೂ ಅದೇ ಸದ್ದು. ಅದು ಬೀದಿಗೆ ತಿರುಗಿದರೆ ಮಾವ, "ಬಂತಪ್ಪ ಹೊಲಿಗೆ ಮೆಷಿನ್, ಯಾರ್ದಾದ್ರೂ ಹರಿದ ಬಟ್ಟೆ ಇದ್ರೆ ಕೊಡಿ" ಎಂದು ಹಂಗಿಸುತ್ತಿದ್ದ. ಕೆಲವು ದಿನದಿಂದ ಅಣ್ಣ ಗಾಡಿಯನ್ನು ಮನೆಗೆ ತರುತ್ತಲೂ ಇರಲಿಲ್ಲ. ಗೆಳೆಯನ ಮನೆಯಲ್ಲಿದೆ ಎನ್ನುತ್ತಿದ್ದ. ಆ ಗೆಳೆಯ ಯಾರೆಂದು ಠಾಣೆಯಲ್ಲಿ ಕೇಳಿದಾಗ ಬಾಯಿ ಬಿಟ್ಟಿರಲಿಲ್ಲ.

ಅದಕ್ಕೇ ಅವಳೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಅಣ್ಣನ ಕುತ್ತಿಗೆಗೆ ಅವಳೇ ಹಗ್ಗ ಹಾಕಿದಂತೆ. ಹೇಳದಿದ್ದರೆ ಮಾವನಿಗೆ ದ್ರೋಹ. ಅತ್ತ ದರಿ, ಇತ್ತ ಪುಲಿ. ಒಂದೇ ಒಂದು ಎಳೆ ಮಾತ್ರ ಅವಳನ್ನು ಹಿಡಿದು ನಿಲ್ಲಿಸಿತ್ತು: ಮೊನ್ನೆಯ ಟಿಕ್ ಟಿಕ್ ನಡುನಡುವೆ ಒಂದು ಏಟು ತಪ್ಪಿ ಎಡವುತ್ತಿತ್ತು. ಅಣ್ಣನ ಗಾಡಿ ಎಡವುವುದಿಲ್ಲ. ಚಳಿಗೆ ಹಾಗಾಗಿರಬಹುದು ಎಂದುಕೊಂಡಿದ್ದಳು. ಹಾಗೆಂದುಕೊಂಡ ಮೇಲೂ ನಿದ್ದೆ ಬಂದಿರಲಿಲ್ಲ.

"ನಮಸ್ಕಾರ. ಯಾರಿದೀರಿ?"

ಬಾಗಿಲು ತಳ್ಳಿಕೊಂಡು ಒಬ್ಬ ಗಿರಾಕಿ ಬಂದ. ಕಂಕುಳಲ್ಲಿ ಹೆಲ್ಮೆಟ್, ಮುಖದ ತುಂಬ ಸಂಸಾರ. ಚಿಕ್ಕಪ್ಪ ಎದ್ದು ಕೌಂಟರಿಗೆ ಹೋದರು.

"ನಮ್ಮ ಮನೆಯವಳ ಅಪ್ಪ ಒಂದು ಟೂ-ಸ್ಟ್ರೋಕ್ ಗಾಡಿ ಕೊಟ್ಟಿದ್ದಾರೆ ಸಾರ್. ದಿನಾ ಆಫೀಸಿಗೆ ಓಡಾಡೋಕೆ ಅದನ್ನೇ ಇಟ್ಕೊಳ್ಳಲಾ, ಕೊಟ್ಟು ಫೋರ್-ಸ್ಟ್ರೋಕ್ ತಗೊಳ್ಳಲಾ? ಮೈಲೇಜ್ ಇಲ್ಲ. ಸಿಗ್ನಲ್‌ನಲ್ಲಿ ಹಿಂದಿರೋರೆಲ್ಲ ಕೆಮ್ಮಿ ಕೆಮ್ಮಿ ಬೈತಾರೆ."

"ಎಳೆಯುತ್ತಾ?"

"ಅಯ್ಯೋ, ಹುಚ್ಚು ಕುದುರೆ ಸಾರ್. ಅದೊಂದಕ್ಕೇ ಮನಸ್ಸು ಬರ್ತಿಲ್ಲ."

ಬೇರೆ ದಿನವಾಗಿದ್ದರೆ ಟೀ ಆರುವುದರೊಳಗೆ ಚಿಕ್ಕಪ್ಪ ಅವನಿಗೊಂದು ಹೊಸ ಗಾಡಿ ಕಟ್ಟಿ ಕಳಿಸುತ್ತಿದ್ದರು. ಇವತ್ತು ಅವರು ಕೌಂಟರಿನ ಗಾಜನ್ನೇ ನೋಡುತ್ತ ನಿಂತರು.

"ಇಟ್ಕೊಳ್ಳಿ," ಎಂದರು ಕೊನೆಗೆ. "ಕೆಡೋಕೆ ಅದ್ರಲ್ಲಿ ಏನಿದೆ? ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪ್ಲಗ್ ಒರೆಸ್ಕೊಂಡು, ಆಗಾಗ ಸೈಲೆನ್ಸರ್ ಮಸಿ ತೆಗೆಸ್ಕೊಂಡಿದ್ರೆ ನಿಮ್ಮ ಮಗನ ಕಾಲಕ್ಕೂ ಬರುತ್ತೆ. ಇಳಿಜಾರಲ್ಲಿ ಮಾತ್ರ ಹುಷಾರು. ಫೋರ್-ಸ್ಟ್ರೋಕ್ ಥರ ಎಂಜಿನ್ ಹಿಡಿದು ನಿಲ್ಸಲ್ಲ, ಬ್ರೇಕೇ ಗತಿ. ಮತ್ತೆ ಎಣ್ಣೆ... ಎಣ್ಣೆ ಬೆರೆಸೋದು..."

ಗಿರಾಕಿ ಹೆಲ್ಮೆಟನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ.

ಅವು ಮಾವನ ಮಾತುಗಳು, ಒಂದಕ್ಷರ ಆಚೀಚೆ ಇಲ್ಲ. ಜೀವಮಾನವೆಲ್ಲ ಎದುರು ವಾದಿಸಿದವರು ಇವತ್ತು ಅವನ ವಾದವನ್ನೇ ಹೊತ್ತುಕೊಂಡಿದ್ದಾರೆ. ಹಾಗೆ ಮಾಡುವವರಿಗೆ ದುಃಖವಿರುತ್ತದೆ. ಅಥವಾ ಭಯ.

ಅವಳು ಸದ್ದಿಲ್ಲದೆ ಎದ್ದು ಮಾವನ ಗಾಡಿಯ ಹತ್ತಿರ ಹೋದಳು. ಕುಕ್ಕರಗಾಲಲ್ಲಿ ಕೂತಳು. ಶೆಡ್ಡಿನಲ್ಲಿ ತೊಟ್ಟಿಲು ಕಟ್ಟಿಸಿಕೊಂಡು ಬೆಳೆದವಳು. ಹೋಮ್‌ವರ್ಕ್ ಮಾಡಿದ್ದೂ ಎಣ್ಣೆ ಡಬ್ಬದ ಮೇಲೆ ಕೂತೇ.

ಕಿಕ್ಕರ್ ನಿಜಕ್ಕೂ ಅಲುಗಲಿಲ್ಲ. ಆದರೆ ಅದು ಬಗ್ಗಿ ಕಾಲಿಡುವ ಕಂಬಿಗೆ ಕಚ್ಚಿಕೊಂಡಿತ್ತು. ಅಲುಗಬೇಕಾದರೂ ಹೇಗೆ? ಗೇರಿಗೆ ಹಾಕಿ, ಮೈಯ ಭಾರವನ್ನೆಲ್ಲ ಕೊಟ್ಟು ಗಾಡಿಯನ್ನು ಮುಂದಕ್ಕೆ ತಳ್ಳಿದಳು.

ಒಳಗಿನಿಂದ ಫುಸ್ಸ್ ಎಂದಿತು. ಇನ್ನೊಮ್ಮೆ ತಳ್ಳಿದಳು. ಫುಸ್ಸ್.

ಪಿಸ್ಟನ್ ಆರಾಮವಾಗಿ ಏರಿಳಿಯುತ್ತಿತ್ತು. ಎಂಜಿನ್ ಜಾಮ್ ಆಗಿಯೇ ಇಲ್ಲ.

ಅವಳ ಬೆರಳು ತಾನಾಗಿ ಟ್ಯಾಂಕಿನ ಕೆಳಗೆ ಹೋಯಿತು. ಅಲ್ಲಿ ಪೆಟ್ರೋಲ್ ಕಾಕ್ ಇರುತ್ತದೆ, ನಲ್ಲಿಯ ಕಿವಿಯಂಥ ಒಂದು ಪುಟ್ಟ ತಿರುಗಣೆ. ತೆರೆದರೆ ಟ್ಯಾಂಕಿನ ಪೆಟ್ರೋಲ್ ಕಾರ್ಬೊರೇಟರಿಗೆ ಇಳಿಯುತ್ತದೆ, ತಿರುಗಿಸಿದರೆ ನಿಲ್ಲುತ್ತದೆ. ಈಗಿನ ಹೊಸ ಗಾಡಿಗಳಿಗೆ ಅದರ ಗೊಡವೆಯೇ ಇಲ್ಲ. ಮಾವನಿಗೆ ಮಾತ್ರ ಅದು ಉಸಿರಿನಷ್ಟು ರೂಢಿ. ಗಾಡಿ ನಿಲ್ಲಿಸಿದ ಕೂಡಲೇ, ಕಾಲು ನೆಲಕ್ಕೆ ತಾಗುವ ಮೊದಲೇ ಎಡಗೈ ಅಲ್ಲಿಗೆ ಹೋಗುತ್ತಿತ್ತು. "ಕಾಕ್ ಮುಚ್ಚದೆ ಇಳಿಯೋನು ಬಾಗಿಲು ಹಾಕದೆ ಊರಿಗೆ ಹೋಗೋನು" ಎನ್ನುತ್ತಿದ್ದ.

ಕಾಕ್ ಮುಚ್ಚಿತ್ತು.

ಆಮೇಲೆ ಯಾರಾದರೂ ಮುಚ್ಚಿರಬಹುದಲ್ಲ? ಪೊಲೀಸರು, ಗಾಡಿ ತಂದವರು. ಅದಕ್ಕೂ ಉತ್ತರ ಅಲ್ಲೇ ಇತ್ತು. ಕಾಕ್ ಮುಚ್ಚಿದ ಮೇಲೆ ಟ್ಯಾಂಕಿಗೆ ಏನೇ ಸುರಿದರೂ, ಕಾರ್ಬೊರೇಟರಿನಲ್ಲಿ ಗಾಡಿ ಕೊನೆಗೆ ಓಡಿದ ಪೆಟ್ರೋಲೇ ಉಳಿದಿರುತ್ತದೆ. ತಟ್ಟೆಯಿಂದ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡಳು. ಊಟದ ಡಬ್ಬಿಯ ಸ್ಟೀಲ್ ಮುಚ್ಚಳ ತಂದು ಕಾರ್ಬೊರೇಟರಿನ ಅಡಿಗೆ ಹಿಡಿದು, ಬುಡದ ತಿರುಪನ್ನು ಸ್ವಲ್ಪವೇ ಸಡಿಲಿಸಿದಳು. ಒಂದಿಷ್ಟು ಹನಿ ಬೀಳುತ್ತಲೇ ಮತ್ತೆ ಬಿಗಿದಳು. ಉಳಿದದ್ದು ಸಾಕ್ಷಿಗೆ ಅಲ್ಲೇ ಇರಲಿ.

ಮುಚ್ಚಳದಲ್ಲಿ ಬಿದ್ದದ್ದು ತಿಳಿಹಸಿರು. ಮಾವ ಬಳಸುವ ಎಣ್ಣೆಯ ಬಣ್ಣ. ಬೆರಳಲ್ಲಿ ತಿಕ್ಕಿದಳು. ಜಾರಿತು.

ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದಳು. ಅಲ್ಲಿ ಬಣ್ಣವಿಲ್ಲದ ಬರೀ ಪೆಟ್ರೋಲ್, ನೀರಿನಷ್ಟು ತಿಳಿ.

ಅಣ್ಣ ಎಣ್ಣೆ ಬೆರೆಸಿಯೇ ಹಾಕಿದ್ದಾನೆ. ಗಾಡಿ ಓಡಿದ್ದೂ ಆ ಪೆಟ್ರೋಲಿನಲ್ಲೇ. ಟ್ಯಾಂಕಿಗೆ ಬರೀ ಪೆಟ್ರೋಲ್ ಬಂದದ್ದು ಕಾಕ್ ಮುಚ್ಚಿದ ಮೇಲೆ. ಕಾಕ್ ಮುಚ್ಚಿದವನು ಮಾವ. ಅಂದರೆ ಮಾವ ಬೀಳಲಿಲ್ಲ. ಗಾಡಿ ನಿಲ್ಲಿಸಿದ. ಇಳಿದ.

ಯಾರಿಗಾಗಿ?

ಬೆರಳೊರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಹಿಂದೆ ತಿರುಗಿದಳು. ಗೋಡೆಗೆ ಒರಗಿ ಇನ್ನೊಂದು ಗಾಡಿ ನಿಂತಿತ್ತು, ಮೇಲೆ ಹಳೆಯ ಹೊದಿಕೆ. ಕೆಳಗೆ ಕಾಣುತ್ತಿದ್ದ ಮಡ್‌ಗಾರ್ಡಿನ ಗೀರು ಅವಳಿಗೆ ಗೊತ್ತು. ಆ ಗೀರು ಬೀಳಿಸಿದವಳೇ ಅವಳು.

ಹೊದಿಕೆ ಎತ್ತಿದಳು. ಅಣ್ಣನ ಗಾಡಿ. ಎಂಜಿನ್ನಿನ ಮೇಲುಭಾಗ ಬಿಚ್ಚಿಟ್ಟಿದೆ. ಹೆಡ್ಡು ಪಕ್ಕದ ತಟ್ಟೆಯಲ್ಲಿ ಧೂಳು ಹಿಡಿದು ಕೂತಿದೆ.

"ಹೋದ ವಾರದಿಂದ ಹಾಗೇ ಇದೆ."

ಚಿಕ್ಕಪ್ಪ ಹಿಂದೆ ನಿಂತಿದ್ದರು. ಗಿರಾಕಿ ಯಾವಾಗ ಹೋದನೋ.

"ಟೈಮಿಂಗ್ ಚೈನ್ ಹೋಗಿತ್ತು, ಹೊಸದು ಇನ್ನೂ ಬಂದಿಲ್ಲ. ಮಾವಂಗೆ ಗೊತ್ತಾಗ್ಬಾರದು ಚಿಕ್ಕಪ್ಪ ಅಂದ. ಅವನ ಶೆಡ್ಡಲ್ಲಿ ಕೆಲಸ ಮಾಡ್ಕೊಂಡು ನನ್ನ ಹತ್ರ ರಿಪೇರಿಗೆ ಬಿಟ್ರೆ ಅವನು ನೊಂದ್ಕೋತಾನೆ ಅಂತ."

ಎಂದಿನಂತೆ ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡಿತು. ಸುಮ್ಮನೆ ಕೈಯಲ್ಲಿದ್ದ ಮುಚ್ಚಳವನ್ನು ಅವರ ಮುಂದೆ ಹಿಡಿದಳು.

ಚಿಕ್ಕಪ್ಪ ಆ ಹಸಿರು ಹನಿಗಳನ್ನು ನೋಡಿದರು. ಆಮೇಲೆ ಮಾವನ ಗಾಡಿಯ ಕಾಕನ್ನು. ಆಮೇಲೆ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತರು.

"ಮರ್ತೇಬಿಟ್ಟಿದ್ದೆ ಕಣೇ," ಎಂದರು. "ಇದರ ಮೇಲೇ ಕೈ ಪಳಗಿದ್ದು. ನನ್ನ ಕೈಯೇ ಮರ್ತುಬಿಡ್ತು. ಕಾಕ್ ಇಲ್ಲದ ಗಾಡಿ ರಿಪೇರಿ ಮಾಡಿ ಮಾಡಿ..."

"ನೀವಾ?" ಅದು ಮಾತಲ್ಲ, ಬರೀ ಉಸಿರು.

"ಪೆಟ್ರೋಲ್ ಬದಲಾಯಿಸಿದ್ದು ನಾನು. ಅವನ ಮೈ ಮುಟ್ಟಿದ್ದು ನಾನಲ್ಲ." ಅವರು ತಲೆ ಎತ್ತಲಿಲ್ಲ. "ನಾನು ಆ ದಾರೀಲಿ ಬರೋವಷ್ಟರಲ್ಲಿ ಅವನು ಬಿದ್ದಿದ್ದ. ಮೊದ್ಲು ಆಂಬುಲೆನ್ಸಿಗೆ ಫೋನ್ ಮಾಡ್ದೆ. ತಲೆಗೆ ನನ್ನ ಟವೆಲ್ ಕಟ್ದೆ. ಆಮೇಲೆ ಇದನ್ನ ನೋಡ್ದೆ."

ಮೇಜಿನ ಡ್ರಾಯರ್ ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ಮೇಜಿನ ಮೇಲಿಟ್ಟರು.

ಫೀಲರ್ ಗೇಜ್. ಬೀಸಣಿಗೆಯಂತೆ ಬಿಚ್ಚುವ ತೆಳು ಉಕ್ಕಿನ ಎಲೆಗಳ ಕಟ್ಟು. ಫೋರ್-ಸ್ಟ್ರೋಕ್ ಗಾಡಿಯ ಟ್ಯಾಪೆಟ್ಟಿನ ಸಂದು ಅಳೆಯಲು ಬೇಕಾದದ್ದು. ಟೂ-ಸ್ಟ್ರೋಕಿನವರಿಗೆ ಅದರಿಂದ ಹಲ್ಲುಕಡ್ಡಿಯಷ್ಟೂ ಉಪಯೋಗವಿಲ್ಲ. ಹಿಡಿಗೆ ಸುತ್ತಿದ್ದ ಕೆಂಪು ಟೇಪು ಅವಳೇ ಸುತ್ತಿಕೊಟ್ಟದ್ದು. ಅಣ್ಣನದು.

"ಹಿಂದಿನ ಸಂಜೆ ಇಬ್ರೂ ಕಿತ್ತಾಡಿದ್ದು ನಾನೂ ಇಲ್ಲಿಂದ ಕೇಳಿಸ್ಕೊಂಡೆ. ಬೆಳಗಾದ್ರೆ ಅವನ ಪಕ್ಕ ಇವನ ಗೇಜು. ಏನಂದ್ಕೋಬೇಕು ಹೇಳು. ಹುಡುಗ ಸಿಟ್ಟಲ್ಲಿ ತಳ್ಳಿದ, ಓಡಿಹೋದ ಅಂದ್ಕೊಂಡೆ. ಗಾಡಿ ಸ್ಟ್ಯಾಂಡ್ ಹಾಕಿ ನಿಂತಿತ್ತು. ನಾನೇ ಕೆಡವಿದೆ. ದಾರೀಲಿ ನಿಂತೋರಿಗೆ ಅಂತ ನನ್ನ ಹತ್ರ ಯಾವಾಗ್ಲೂ ಒಂದು ಕ್ಯಾನ್ ಪೆಟ್ರೋಲ್ ಇರುತ್ತಲ್ಲ, ಟ್ಯಾಂಕಲ್ಲಿದ್ದದ್ದು ಚೆಲ್ಲಿ ಅದನ್ನ ಸುರಿದೆ. ಅವನೇ ಎಣ್ಣೆ ಹಾಕೋದು ಮರ್ತು, ಎಂಜಿನ್ ಹಿಡ್ಕೊಂಡು ಬಿದ್ದ ಅಂತ ಆಗ್ಲಿ, ಯಾರ ತಲೆಗೂ ಬರಲ್ಲ ಅಂದ್ಕೊಂಡೆ. ಆ ಟ್ಯಾಂಕು ತುಂಬಿಸಿದ್ದು ಇವನೇ ಅಂತ ನಂಗೇನು ಗೊತ್ತು?"

ಅವರು ಒಮ್ಮೆ ನಕ್ಕರು. ಅಳುವಿಗಿಂತ ಕಷ್ಟವಾಗಿತ್ತು ಆ ನಗು ನೋಡುವುದು.

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಹೊರಟೆ. ಕೋಲು ನಮ್ಮ ಹುಡುಗನ ಬೆನ್ನಿಗೇ ಬಿತ್ತು. ಪೊಲೀಸ್ನೋರು ಆಕ್ಸಿಡೆಂಟ್ ಅಂತ ಬರ್ಕೊಂಡು ಹೋಗ್ತಾರೆ ಅಂದ್ಕೊಂಡ್ರೆ, ಈ ಸಾಹೇಬ್ರು ಬಂದೋರೇ ಪೆಟ್ರೋಲ್ ಹಾಕಿದ್ಯಾರು ಅಂತ ಹಿಡ್ಕೊಂಡ್ರು. ಅದೇನು ಆತುರವೋ ಅವರಿಗೆ."

"ಅಣ್ಣ ಯಾಕೆ..."

"ಗಾಡಿ ಇಲ್ಲಿದೆ ಅಂತ ಯಾಕೆ ಹೇಳ್ಲಿಲ್ಲ ಅಂತಲಾ? ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಾನು ಅಂತ ಅವನಿಗೆ ಗೊತ್ತು. ನನ್ನ ಹೆಸರೆತ್ತಿದ್ರೆ ಕೇಸು ನನ್ನ ಕಡೆ ತಿರುಗುತ್ತೆ ಅಂತ ಹೆದರಿದಾನೆ. ಅವನು ನನ್ನನ್ನ ಉಳಿಸ್ತಿದಾನೆ, ನಾನು ಅವನನ್ನ ಉಳಿಸೋಕೆ ಹೋಗಿ ಮುಳುಗಿಸಿದೀನಿ. ಒಳ್ಳೇ ಮನೆತನ ನಮ್ದು."

ಅವಳು ಗೇಜನ್ನು ಕೈಗೆತ್ತಿಕೊಂಡಳು. ಅಣ್ಣ ಅಲ್ಲ. ಹೆಡ್ಡೇ ಇಲ್ಲದ ಗಾಡಿ ತಿರುವಿನಿಂದ ಹೊರಡಲು ಸಾಧ್ಯವಿಲ್ಲ. ಮೊನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿತು. ಆದರೆ ಉರುಳಿದ ಕಲ್ಲಿನ ಕೆಳಗೆ ಇನ್ನೇನೋ ಹರಿದಾಡಿದಂತಾಯಿತು.

ಆ ಸಂಜೆ, ಜಗಳವಾದ ಮೇಲೆ, ಮಾವ ಅವಳ ಕೋಣೆಗೆ ಬಂದು ಬಾಗಿಲ ಚೌಕಟ್ಟು ಕೆರೆಯುತ್ತ ನಿಂತಿದ್ದ. "ಏ ಸೈಲೆನ್ಸರ್, ನಿಮ್ಮಣ್ಣ ಆ ತಗಡಿನ ಎಲೆಗಳನ್ನ ಎಲ್ಲಿಡ್ತಾನೆ? ಒಂದು ಹೊಲಿಗೆ ಮೆಷಿನ್ ನೋಡ್ಬೇಕು. ಅವನಿಗೆ ಹೇಳ್ಬೇಡ, ನನ್ನ ಮಾನ ಹೋಗುತ್ತೆ." ಅಣ್ಣನ ಗಾಡಿಯನ್ನೇ ಸರಿಮಾಡಿಕೊಟ್ಟು ರಾಜಿಯಾಗುತ್ತಾನೆ ಎಂದುಕೊಂಡು ಅವಳು ನಗುತ್ತ ತೆಗೆದುಕೊಟ್ಟಿದ್ದಳು. ಹೋಗುವಾಗ ಮಾವ ಇನ್ನೊಂದು ಮಾತು ಹೇಳಿದ್ದ: "ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ್ಲೇ ಹಿಡೀಬೇಕು ಇದನ್ನ. ಬಿಸಿ ಆದ್ಮೇಲೆ ಅಳತೆ ಸುಳ್ಳು ಹೇಳುತ್ತೆ."

"ಇದು ಮಾವನ ಜೇಬಿಂದ ಬಿದ್ದಿದ್ದು," ಎಂದಳು ಮೆಲ್ಲಗೆ. "ನಾನೇ ಕೊಟ್ಟಿದ್ದೆ."

ಚಿಕ್ಕಪ್ಪ ತಲೆಯೆತ್ತಿದರು.

"ಅವನು ಫೋರ್-ಸ್ಟ್ರೋಕ್ ಮುಟ್ತಾನಾ?"

"ಯಾರೋ ಒಪ್ಪಿಸಿದ್ರು. ಅಲ್ಲಿ ಮೊದ್ಲೇ ಬಂದು ಗಾಡಿ ತಣ್ಣಗೆ ಮಾಡ್ಕೊಂಡು ಕಾಯ್ತಿದ್ರು. ಅದಕ್ಕೇ ಆ ಗಾಡಿ ಬಂದಿದ್ದು ನಂಗೆ ಕೇಳಿಸ್ಲಿಲ್ಲ, ಹೋಗಿದ್ದು ಕೇಳಿಸ್ತು." ಇಷ್ಟು ಉದ್ದದ ಮಾತು ಅವಳು ಒಂದೇ ಉಸಿರಿಗೆ ಆಡಿ ಯಾವ ಕಾಲವಾಗಿತ್ತೋ. "ಟ್ಯಾಪೆಟ್ ಸದ್ದಿನ ಗಾಡಿ, ಚಿಕ್ಕಪ್ಪ. ಅಣ್ಣಂದಲ್ಲ. ನಡುವೆ ಎಡವುತ್ತೆ."

"ಇದನ್ನ ಯಾರಿಗಾದ್ರೂ ಹೇಳಿದೀಯಾ?"

ಇಲ್ಲ.

"ಮತ್ತೆ ಯಾಕೆ ಕಾಯ್ತಿದೀವಿ? ಸಾಹೇಬ್ರು ವರದಿ ತಗೊಳ್ಳೋಕೆ ಇಲ್ಲಿಗೇ ಬರ್ತಾರೆ. ನಾನು ಮಾಡಿದ್ದು ನಾನು ಹೇಳ್ತೀನಿ. ಜೈಲಾದ್ರೆ ಜೈಲು. ನೀನು ಕೇಳಿದ್ದು ನೀನು ಹೇಳು. ಹೇಳ್ತೀಯಾ?"

ಅವಳು ಹೂಂ ಎನ್ನುವಷ್ಟರಲ್ಲಿ ಬೀದಿಯ ತುದಿಯಲ್ಲಿ ಒಂದು ಗಾಡಿ ತಿರುಗಿತು.

ಟಿಕ್ ಟಿಕ್ ಟಿಕ್. ಒಂದು ಏಟು ತಪ್ಪಿತು. ಟಿಕ್ ಟಿಕ್.

ಅವಳು ಕೈಯಲ್ಲಿದ್ದ ಗೇಜಿನ ಎಲೆಗಳನ್ನು ಮಡಚಿ ಬಾಗಿಲ ಕಡೆ ತಿರುಗಿದಳು.

ಗುರುತು ಹಿಡಿಯಬಲ್ಲೆನೇ ಎಂದು ಕೇಳಿಕೊಂಡಿದ್ದಳಲ್ಲ. ಕಿವಿಗೆ ಅನುಮಾನವೇ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ದನಿಯಂತೆ ಅದು ಹತ್ತಿರವಾಯಿತು, ಗಾಜಿನ ಬಾಗಿಲ ಮುಂದೆ ನಿಂತಿತು, ಕೊನೆಯ ಸಲ ಎಡವಿ ಆರಿತು.

ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದು ಹೆಲ್ಮೆಟ್ ತೆಗೆದರು. ಮಾವ ಬಿದ್ದ ದಿನದಿಂದ ಅವರನ್ನು ಅವಳು ನೋಡಿದ್ದೆಲ್ಲ ಜೀಪಿನಲ್ಲೇ.

"ಜೀಪು ನಿಮ್ಮ ಹುಡುಗನನ್ನ ಕೋರ್ಟಿಗೆ ಕರ್ಕೊಂಡು ಹೋಗೋಕೆ ರೆಡಿಯಾಗಿದೆ," ಎಂದರು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ. "ಅದಕ್ಕೇ ನನ್ನ ಹಳೇ ಗಾಡೀಲಿ ಬಂದೆ. ಅದ್ರದ್ದೂ ಒಂದು ಗೋಳು, ಎಷ್ಟು ದಿನದಿಂದ ಕಟಕಟ ಅಂತಿದೆ. ಬಿಡುವಾದಾಗ ನೋಡಿ. ಸಹಿ ಆಯ್ತಾ?"

ಚಿಕ್ಕಪ್ಪ ಎದ್ದು ನಿಂತರು. ಅವರಿಗೆ ಇನ್ನೂ ಹೊಳೆದಿರಲಿಲ್ಲ. "ಸಾಹೇಬ್ರೇ, ಒಂದು ವಿಷಯ ಹೇಳ್ಬೇಕು. ನಮ್ಮ ಹುಡುಗಿ ಆ ದಿನ..."

ಅವಳು ಚಿಕ್ಕಪ್ಪನ ತೋಳು ಹಿಡಿದುಕೊಂಡಳು.

ಸಾಹೇಬರ ಕಣ್ಣು ಸಹಿಯಿಲ್ಲದ ಹಾಳೆಗೆ ಹೋಯಿತು, ಹಸಿರು ಹನಿಯಿದ್ದ ಮುಚ್ಚಳಕ್ಕೆ ಹೋಯಿತು, ಕೊನೆಗೆ ಅವಳ ಕೈಯಲ್ಲಿದ್ದ ಕೆಂಪು ಟೇಪಿನ ಗೇಜಿನ ಮೇಲೆ ನಿಂತಿತು. ಕರವಸ್ತ್ರ ಕತ್ತಿನ ಹತ್ತಿರವೇ ನಿಂತುಬಿಟ್ಟಿತು.

"ಅದು ಇಲ್ಲಿಗೆ ಹೇಗೆ ಬಂತು?" ಎಂದರು.

ಸಾಹೇಬರು ಹಿಂದೆ ಕೈಚಾಚಿ ಗಾಜಿನ ಬಾಗಿಲನ್ನು ಮುಚ್ಚಿದರು. ಬೀದಿಯ ಗದ್ದಲ ಹೊರಗೇ ಉಳಿಯಿತು.

"ಏನಮ್ಮ," ಎಂದರು, ದನಿಯಲ್ಲಿ ಅಕ್ಕರೆ ತಂದುಕೊಂಡು. "ಏನೋ ಹೇಳೋಕೆ ಹೊರಟಿದ್ಯಂತೆ. ಹೇಳು, ಹೆದರ್ಬೇಡ. ಮೊನ್ನೆ ನಿಮ್ಮ ಮನೇಲಿ ಕೇಳಿದಾಗ ಏನೂ ಗೊತ್ತಿಲ್ಲ ಅಂತ ತಲೆ ಆಡಿಸಿದ್ದೆ. ಈಗ್ಲೂ ಹಾಗೇನಾ?"

ತಲೆಯಾಡಿಸಿದರೆ ಸಾಕಿತ್ತು. ಇಷ್ಟು ವರ್ಷ ಅದರಿಂದಲೇ ಅವಳ ಕಾಲ ಸಾಗಿತ್ತು. ಅವಳು ಮೂಲೆಯಲ್ಲಿ ವಾಲಿ ನಿಂತ ಮಾವನ ಗಾಡಿಯನ್ನು ನೋಡಿದಳು. ಜೀಪಿನ ಹಿಂದಿನ ಸೀಟಿನಲ್ಲಿ ಕೂರಲಿರುವ ಅಣ್ಣನನ್ನು ನೆನೆದಳು. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮೊದಲ ಅಕ್ಷರ ಕೊನೆಗೂ ಹತ್ತಿಕೊಂಡಿತು.

"ಮೊನ್ನೆ ಬೆಳಿಗ್ಗೆ ಐಸ್ ಫ್ಯಾಕ್ಟರಿ ತಿರುವಿಂದ ಹೊರಟಿದ್ದು ನಿಮ್ಮ ಗಾಡಿ, ಸಾರ್."